ಗಲ್ಲೇರಿಯಾ ವಿಟ್ಟೋರಿಯೊ ಎಮಾನ್ಯುವೆಲೆ

ಗಲ್ಲೇರಿಯಾ ವಿಟ್ಟೋರಿಯೊ ಎಮಾನ್ಯುವೆಲೆ ಎಂಬುದು ಉತ್ತರ ಇಟಲಿಯ ಮಿಲಾನ್ ನಗರದ ನಟ್ಟನಡುವೆ, ಪ್ರಧಾನ ಚರ್ಚಾದ ಡುವೊಮೊದ ಮುಂದಿನ ಚೌಕವನ್ನು ಲಾ ಸ್ಕಾಲಾ ಒಪೆರಾ ರಂಗಮಂದಿರದ ಚೌಕಕ್ಕೆ ಕೂಡಿಸುವ, ಕಬ್ಬಿಣ ಮತ್ತು ಗಾಜಿನ ಚಾವಣಿಯುಳ್ಳ ಅಂಗಡಿಬೀದಿ. ಇದನ್ನು ವಿನ್ಯಾಸಗೊಳಿಸಿದವನು ವಾಸ್ತುಶಿಲ್ಪಿ ಜುಸೆಪ್ಪೆ ಮೆಂಗೋನಿ (1829–77). 1865ರಲ್ಲಿ ಕೆಲಸ ಮೊದಲಾಗಿ 1867ರಲ್ಲಿ ಬೀದಿ ಜನರಿಗೆ ತೆರೆಯಿತು. ಡುವೊಮೊ ಕಡೆಯ ಹೆಬ್ಬಾಗಿಲ ಕಮಾನು ಮುಗಿದದ್ದು 1878ರ ಆರಂಭದಲ್ಲಿ. ಏಕೀಕೃತ ಇಟಲಿಯ ಮೊದಲ ದೊರೆ ಎರಡನೆಯ ವಿಟ್ಟೋರಿಯೊ ಎಮಾನ್ಯುವೆಲೆಯ ಹೆಸರು ಇದಕ್ಕಿದೆ. ಊರಿನವರ ಬಾಯಲ್ಲಿ ಇದು ಮಿಲಾನಿನ ಪಡಸಾಲೆ. ಕಟ್ಟಡದ ಒಡೆತನ ಇಂದಿಗೂ ನಗರಸಭೆಯದು.

ವ್ಯಾಪ್ತಿ

ಎರಡು ಬೀದಿಗಳ ನಡುವೆ ಹಾದುಹೋಗುವ, ಮೇಲಿನ ಗಾಜಿನಿಂದ ಹಗಲ ಬೆಳಕು ಪಡೆಯುವ, ಇಕ್ಕೆಲದಲ್ಲೂ ಅಂಗಡಿಗಳಿರುವ, ಗಾಡಿಗಳಿಗೆ ಪ್ರವೇಶವಿಲ್ಲದ ಕಾಲುದಾರಿಯನ್ನು ಈ ಲೇಖನದಲ್ಲಿ ಆರ್ಕೇಡ್ ಎಂದು ಕರೆಯಲಾಗಿದೆ. ಗಲ್ಲೇರಿಯಾ ಎಂದಷ್ಟೇ ಬಂದಲ್ಲಿ ಅದು ಮಿಲಾನಿನ ಈ ಕಟ್ಟಡವನ್ನು ಸೂಚಿಸುತ್ತದೆ. ಚಾವಣಿಯಡಿ ಕಟ್ಟೆಗಳನ್ನು ಸಾಲಿಟ್ಟು ತರಕಾರಿ, ಮಾಂಸ ಮಾರುವ ಮಾರುಕಟ್ಟೆಯ ಕಟ್ಟಡವಾಗಲಿ, ಒಂದೇ ಒಡೆತನದ ಬಹುಮಹಡಿ ಮಳಿಗೆಯಾಗಲಿ ಆರ್ಕೇಡ್ ಅಲ್ಲ. ಆರ್ಕೇಡಿನಲ್ಲಿ ಪ್ರತಿ ಅಂಗಡಿಗೂ ಅದರದೇ ಬಾಗಿಲು, ಅದರದೇ ಬಾಡಿಗೆದಾರ ಇರುತ್ತಾರೆ. ಕೊಳ್ಳುವ ಉದ್ದೇಶವಿಲ್ಲದವರೂ ಅದನ್ನು ಬರಿಯ ಹಾದಿಯಾಗಿ ಬಳಸುತ್ತಾರೆ.

ಪೂರ್ವರೂಪಗಳು

ಆರ್ಕೇಡ್ ಹುಟ್ಟಿದ್ದು ಪ್ಯಾರಿಸ್‌ನಲ್ಲಿ. 18ನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಹೆಚ್ಚಿನ ಬೀದಿಗಳಲ್ಲಿ ಪಾದಚಾರಿಗಳಿಗೆಂದು ಕಟ್ಟೆಯಿರಲಿಲ್ಲ. ಕೆಸರು, ಚರಂಡಿ, ಕುದುರೆಗಾಡಿಗಳ ನಡುವೆಯೇ ನಡೆಯಬೇಕಿತ್ತು. ಪಾಲೆ ರಾಯಲ್ ಅರಮನೆಯ ತೋಟದಲ್ಲಿ 1786ರಲ್ಲಿ ಎದ್ದ ಮರದ ಅಂಗಡಿಸಾಲು ಜನರನ್ನು ಸೆಳೆದ ಬಗೆ ಹೂಡಿಕೆದಾರರ ಕಣ್ಣಿಗೆ ಬಿತ್ತು. ಫ್ರೆಂಚ್ ಕ್ರಾಂತಿಯಲ್ಲಿ ಮುಟ್ಟುಗೋಲಾದ ಮಠಗಳ ಮತ್ತು ಶ್ರೀಮಂತರ ನಿವೇಶನಗಳು ಮಾರಾಟಕ್ಕೆ ಬಂದಾಗ ಒಳಜಾಗವನ್ನು ಬಾಡಿಗೆಯಾಗಿ ಪರಿವರ್ತಿಸಲು ಆರ್ಕೇಡ್ ಹೇಳಿಮಾಡಿಸಿದಂಥ ಉಪಾಯವಾಯಿತು. ಪಾಸಾಜ್ ದು ಕೇರ್ (1798) ಎದ್ದದ್ದು ಹಿಂದೆ ಸನ್ಯಾಸಿನಿಯರ ಮಠವಿದ್ದ ನೆಲದಲ್ಲಿ. ಪಾಸಾಜ್ ದೆ ಪನೊರಾಮಾ (1800) ಪ್ಯಾರಿಸ್‌ನಲ್ಲಿ ಅನಿಲ ದೀಪ ಕಂಡ ಮೊದಲ ಸ್ಥಳಗಳಲ್ಲಿ ಒಂದು.

ಲಂಡನ್‌ನ ಬರ್ಲಿಂಗ್ಟನ್ ಆರ್ಕೇಡ್ (1819) ಇದೇ ಕಲ್ಪನೆಯ ಇಂಗ್ಲಿಷ್ ರೂಪ. ಇರುಳಲ್ಲಿ ಗೇಟು ಹಾಕುವ, ತನ್ನದೇ ಕಾವಲುಗಾರರನ್ನು ಇಟ್ಟುಕೊಂಡ ಖಾಸಗಿ ಓಣಿ ಅದು. ಬ್ರಸೆಲ್ಸ್‌ನಲ್ಲಿ ಜಾನ್ ಪಿಯೆರ್ ಕ್ಲುಯಿಸೆನಾರ್ ಕಟ್ಟಿದ ಸೇಂಟ್ ಹ್ಯೂಬರ್ಟ್ ಗ್ಯಾಲರಿಗಳು (1847) 200 ಮೀಟರಿಗೂ ಹೆಚ್ಚು ಉದ್ದವಾಗಿದ್ದವು. ಆರ್ಕೇಡ್ ಓಣಿಯ ಅಳತೆಯನ್ನು ಮೀರಿ ಬೀದಿಯ ಅಳತೆಗೆ ಏರಿದ್ದು ಇಲ್ಲಿ. ಮಿಲಾನಿನಲ್ಲೇ 1832ರಲ್ಲಿ ಆಂದ್ರೆಯಾ ಪಿಜ್ಜಾಲಾನ ವಿನ್ಯಾಸದ ಗಲ್ಲೇರಿಯಾ ದೆ ಕ್ರಿಸ್ತೋಫೊರಿಸ್ ತೆರೆದಿತ್ತು. ಗಾಜಿನ ಚಾವಣಿಯ ಕೆಳಗೆ ಅಡ್ಡಾಡುವ ರೂಢಿ ಊರಿನವರಿಗೆ ಹತ್ತಿದ್ದು ಅದರಿಂದ. 1930ರ ದಶಕದಲ್ಲಿ ಅದನ್ನು ಕೆಡವಲಾಯಿತು. ಕಬ್ಬಿಣ–ಗಾಜುಗಳಿಂದ ಎಷ್ಟು ದೊಡ್ಡ ಅವಕಾಶವನ್ನು ಮುಚ್ಚಬಹುದು ಎಂಬುದನ್ನು 1851ರ ಲಂಡನ್ ಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸ್ ಆಗಲೇ ತೋರಿಸಿತ್ತು. ಮೆಂಗೋನಿಗೆ ಬೇಕಾದ ತಂತ್ರವೂ ಮಾದರಿಯೂ ಹೀಗೆ ಸಿದ್ಧವಾಗಿದ್ದವು. ಅವನು ಹೊಸದಾಗಿ ತಂದದ್ದು ಅಳತೆಯನ್ನು ಮತ್ತು ರಾಜಕೀಯ ಅರ್ಥವನ್ನು.

ಯೋಜನೆಯ ಹಿನ್ನೆಲೆ

1859ರ ಜೂನ್‌ನಲ್ಲಿ ಮಜೆಂತಾ ಕದನದಲ್ಲಿ ಸೋತ ಬೆನ್ನಿಗೇ ಆಸ್ಟ್ರಿಯಾದ ಆಡಳಿತ ಮಿಲಾನಿನಿಂದ ಕಾಲ್ತೆಗೆಯಿತು. ಬಿಡುಗಡೆಗೊಂಡ ನಗರ ಮೊದಲು ಕೈಗೆತ್ತಿಕೊಂಡ ದೊಡ್ಡ ಕೆಲಸ ಡುವೊಮೊ ಚೌಕದ ಮರುವಿನ್ಯಾಸ. ಆಗ ಆ ಚೌಕ ಇಕ್ಕಟ್ಟಾಗಿತ್ತು. ಚರ್ಚಿನ ಎದುರಿಗೆ ರೆಬೆಕ್ಕೀನೊ ಎಂಬ ಹಳೆಯ ಮನೆಗಳ ಗುಂಪು, ಪಕ್ಕದಲ್ಲಿ 15ನೆಯ ಶತಮಾನದ ಕೊಪೆರ್ತೊ ದೇಯಿ ಫಿಜೀನಿ ಎಂಬ ಕಂಬಸಾಲಿನ ಕಟ್ಟಡವಿದ್ದವು. ಚೌಕವನ್ನು ಅಗಲಿಸಿ, ಅಲ್ಲಿಂದ ಲಾ ಸ್ಕಾಲಾಕ್ಕೆ ನೇರ ದಾರಿ ತೆಗೆದು, ಆ ದಾರಿಗೆ ರಾಜನ ಹೆಸರಿಡುವುದು ಉದ್ದೇಶವಾಗಿತ್ತು. ಹಣಕ್ಕಾಗಿ ಲಾಟರಿ ನಡೆಸಲಾಯಿತು. 1860ರಿಂದ ಹಲವು ಸುತ್ತಿನ ಸ್ಪರ್ಧೆ ನಡೆದು, ಕೊನೆಗೆ 1863ರಲ್ಲಿ ಮೆಂಗೋನಿಯ ನಕ್ಷೆ ಆಯ್ಕೆಯಾಯಿತು. ಮೊದಲ ಪ್ರಸ್ತಾವಗಳಲ್ಲಿ ತೆರೆದ ಬೀದಿಯಷ್ಟೇ ಇತ್ತು. ಅದಕ್ಕೆ ಚಾವಣಿ ಹಾಕುವ ಆಲೋಚನೆ ಸ್ಪರ್ಧೆಯ ದಾರಿಯಲ್ಲೇ ಬೆಳೆಯಿತು. ಈ ಹುಟ್ಟು ಕಟ್ಟಡದ ಗುಣವನ್ನು ಅರಿಯಲು ಮುಖ್ಯ: ಪ್ಯಾರಿಸ್‌ನ ಆರ್ಕೇಡುಗಳು ಹೂಡಿಕೆದಾರರ ನಿವೇಶನದೊಳಗಿನ ಓಣಿಗಳಾದರೆ, ಗಲ್ಲೇರಿಯಾ ನಗರಯೋಜನೆಯಲ್ಲಿ ಬೀದಿಯಾಗಿಯೇ ಗೆರೆ ಎಳೆಸಿಕೊಂಡದ್ದು.

ಮೆಂಗೋನಿ ಬೊಲೋನ್ಯಾ ಸೀಮೆಯ ಫೊಂತನೆಲಿಚೆಯವನು. ಬೊಲೋನ್ಯಾದ ಉಳಿತಾಯ ಬ್ಯಾಂಕಿನ ಕಟ್ಟಡವೂ ಫ್ಲಾರೆನ್ಸ್‌ನ ಸ್ಯಾನ್ ಲೊರೆಂಜೊ ಮಾರುಕಟ್ಟೆಯ ಕಬ್ಬಿಣ–ಗಾಜಿನ ಕಟ್ಟಡವೂ (1874) ಅವನ ವಿನ್ಯಾಸಗಳೇ.

ನಿರ್ಮಾಣ

ಕೊಪೆರ್ತೊ ದೇಯಿ ಫಿಜೀನಿಯನ್ನು 1864ರಲ್ಲಿ ಕೆಡವಲಾಯಿತು. 1865ರ ಮಾರ್ಚ್ 7ರಂದು ದೊರೆ ತಾನೇ ಬಂದು ಅಡಿಗಲ್ಲಿಟ್ಟ. ಗುತ್ತಿಗೆ ಹಿಡಿದದ್ದು ಈ ಕೆಲಸಕ್ಕೆಂದೇ ಇಂಗ್ಲಿಷ್ ಬಂಡವಾಳದಿಂದ ಹುಟ್ಟಿದ ಸಿಟಿ ಆಫ್ ಮಿಲಾನ್ ಇಂಪ್ರೂವ್‌ಮೆಂಟ್ಸ್ ಕಂಪನಿ. ಚಾವಣಿಯ ಕಬ್ಬಿಣದ ಕೆಲಸವನ್ನು ಪ್ಯಾರಿಸ್‌ನ ಆನ್ರಿ ಜೊರೆ ಸಂಸ್ಥೆಗೆ ವಹಿಸಲಾಯಿತು. ರಾಷ್ಟ್ರದ ಐಕ್ಯಕ್ಕೆ ಸ್ಮಾರಕವೆಂದು ಹೇಳಿಕೊಂಡ ಕಟ್ಟಡಕ್ಕೆ ಬಂಡವಾಳ ಲಂಡನ್ನಿನದು, ಕಬ್ಬಿಣ ಪ್ಯಾರಿಸ್ಸಿನದು. ಅಂದಿನ ಇಟಲಿಯ ಕೈಗಾರಿಕೆಯ ಸ್ಥಿತಿ ಇದರಲ್ಲೇ ತಿಳಿಯುತ್ತದೆ.

ಕೆಲಸ ಬಹಳ ವೇಗವಾಗಿ ನಡೆಯಿತು. ಎರಡೂವರೆ ವರ್ಷದಲ್ಲಿ ತೋಳುಗಳೂ ನಡುವಣ ಗುಮ್ಮಟವೂ ನಿಂತವು. 1867ರ ಸೆಪ್ಟೆಂಬರ್ 15ರಂದು ದೊರೆಯ ಸಮ್ಮುಖದಲ್ಲಿ ಉದ್ಘಾಟನೆಯಾಯಿತು. ಕಂಪನಿ ಹಣದ ತೊಂದರೆಗೆ ಸಿಕ್ಕಿದ್ದರಿಂದ 1869ರಲ್ಲಿ ನಗರಸಭೆ ಇಡೀ ಕಟ್ಟಡವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅಂದಿನ ಆ ವಹಿವಾಟಿನಿಂದಾಗಿಯೇ ಇಂದು ಯುರೋಪಿನ ಅತಿ ದುಬಾರಿ ಅಂಗಡಿಜಾಗಗಳಲ್ಲಿ ಒಂದರ ಬಾಡಿಗೆ ಸಾರ್ವಜನಿಕ ಬೊಕ್ಕಸಕ್ಕೆ ಸೇರುತ್ತಿದೆ.

ಚೌಕದ ಎರಡೂ ಮಗ್ಗುಲಿನ ಕಂಬಸಾಲಿನ ಕಟ್ಟಡಗಳೂ ಮೆಂಗೋನಿಯ ನಕ್ಷೆಯಲ್ಲಿದ್ದವು, ಅವು ಎದ್ದವು. ಡುವೊಮೊಕ್ಕೆ ಎದುರಾಗಿ ಅವನು ಯೋಜಿಸಿದ್ದ ಸ್ವಾತಂತ್ರ್ಯದ ಅರಮನೆ ಮಾತ್ರ ಕಾಗದದಲ್ಲೇ ಉಳಿಯಿತು. ಹೆಬ್ಬಾಗಿಲ ಕಮಾನಿನ ಕೆಲಸ ಇನ್ನೇನು ಮುಗಿಯಬೇಕು ಎನ್ನುವಾಗ, 1877ರ ಡಿಸೆಂಬರ್ 30ರಂದು, ಅದರ ಅಲಂಕಾರವನ್ನು ಪರಿಶೀಲಿಸುತ್ತಿದ್ದ ಮೆಂಗೋನಿ ಸಾರುವೆಯಿಂದ ಬಿದ್ದು ಸತ್ತ. ಅದು ಅಪಘಾತವೆಂಬುದೇ ಸಾಮಾನ್ಯವಾಗಿ ಒಪ್ಪಿತವಾದ ಮಾತು. ವಿನ್ಯಾಸದ ಬಗ್ಗೆ ಬಂದ ಟೀಕೆಗೆ ನೊಂದು ಜಿಗಿದ ಎಂಬ ವದಂತಿಗೆ ಆಧಾರವಿಲ್ಲ. ಕೆಲವೇ ದಿನಗಳ ನಂತರ, 1878ರ ಜನವರಿ 9ರಂದು, ದೊರೆಯೂ ತೀರಿಕೊಂಡ. ಕಮಾನಿನ ಉದ್ಘಾಟನೆ ಫೆಬ್ರುವರಿಯಲ್ಲಿ ನಡೆದಾಗ ಕಟ್ಟಿಸಿದವನೂ ಇರಲಿಲ್ಲ, ಹೆಸರು ಕೊಟ್ಟವನೂ ಇರಲಿಲ್ಲ.

ವಿನ್ಯಾಸ ಮತ್ತು ರಚನೆ

ತಳವಿನ್ಯಾಸ ಶಿಲುಬೆಯಾಕಾರದ್ದು. ಉತ್ತರ–ದಕ್ಷಿಣವಾಗಿ ಹಾಯುವ ಉದ್ದ ತೋಳು ಸುಮಾರು 196 ಮೀಟರ್. ಅದನ್ನು ಅಡ್ಡಲಾಗಿ ಕತ್ತರಿಸುವ ಗಿಡ್ಡ ತೋಳು ಸುಮಾರು 105 ಮೀಟರ್. ತೋಳುಗಳ ಅಗಲ ಸುಮಾರು 14.5 ಮೀಟರ್. ಎರಡೂ ಕೂಡುವಲ್ಲಿ ಎಂಟು ಮೂಲೆಯ ಅಂಗಳವಿದ್ದು ಅದರ ಮೇಲೆ ಸುಮಾರು 37 ಮೀಟರ್ ವ್ಯಾಸದ ಗಾಜಿನ ಗುಮ್ಮಟವಿದೆ. ಗುಮ್ಮಟದ ಎತ್ತರ ನೆಲದಿಂದ 47 ಮೀಟರ್. ತೋಳುಗಳ ಮೇಲಿರುವುದು ಅರೆಕೊಳವೆಯಾಕಾರದ ಗಾಜಿನ ಚಾವಣಿ. ಅದರ ನೆತ್ತಿ ಗುಮ್ಮಟಕ್ಕಿಂತ ಬಹಳ ಕೆಳಗಿದೆ. ಹೀಗಾಗಿ ತೋಳಿನೊಳಗೆ ನಡೆದು ಬರುವವರಿಗೆ ಅಂಗಳಕ್ಕೆ ಕಾಲಿಟ್ಟೊಡನೆ ತಲೆಯ ಮೇಲಿನ ಅವಕಾಶ ಥಟ್ಟನೆ ಹಿಗ್ಗುತ್ತದೆ. ಶಿಲುಬೆಯ ವಿನ್ಯಾಸ, ಕೂಡುವಲ್ಲಿ ಗುಮ್ಮಟ, ದಕ್ಷಿಣಕ್ಕೆ ಮಹಾದ್ವಾರ ಇವೆಲ್ಲ ಚರ್ಚಿನ ವಾಸ್ತುವಿನಿಂದ ಬಂದವು. ಡುವೊಮೊದ ಮಗ್ಗುಲಲ್ಲೇ ಅಂಗಡಿಗಳಿಗೆ ಈ ರೂಪ ಕೊಟ್ಟದ್ದು ಆಕಸ್ಮಿಕವೆನ್ನಲಾಗದು.

ಭಾರ ಹೊರುವ ವ್ಯವಸ್ಥೆ ಎರಡು ಬಗೆಯದು. ಚಾವಣಿಯ ಬುಡದವರೆಗೆ ಕಲ್ಲು, ಇಟ್ಟಿಗೆ, ಗಾರೆಯ ದಪ್ಪ ಗೋಡೆಗಳು. ಅಲ್ಲಿಂದ ಮೇಲಕ್ಕೆ ಕಬ್ಬಿಣದ ಪಕ್ಕೆಲುಬುಗಳಂಥ ಕಮಾನುಗಳು, ಅವುಗಳ ನಡುವೆ ಗಾಜಿನ ಹಲಗೆಗಳು. ಚಾವಣಿಗೆ ಬಳಕೆಯಾದ ಕಬ್ಬಿಣ ಸುಮಾರು 350 ಟನ್ ಎನ್ನಲಾಗುತ್ತದೆ. ಗೋಡೆಗಳ ಒಳಮುಖವನ್ನು ಹೊರಬೀದಿಯ ಮನೆಗಳ ಮುಖದಂತೆಯೇ ರೂಪಿಸಲಾಗಿದೆ: ಕೆಳಗೆ ಎತ್ತರದ ಅಂಗಡಿ ಕಮಾನುಗಳು, ಅವುಗಳ ಮೇಲೆ ಅರೆಮಹಡಿ, ಅದರ ಮೇಲೆ ದೊಡ್ಡ ಕಿಟಕಿಗಳ ಹಾಗೂ ಕಬ್ಬಿಣದ ಕಟಕಟೆಯ ಬಾಲ್ಕನಿಗಳ ಮುಖ್ಯ ಮಹಡಿ, ಇನ್ನೂ ಮೇಲೆ ವಾಸಕ್ಕೆಂದು ಕಟ್ಟಿದ ಮಹಡಿಗಳು. ಮಹಡಿಗಳ ನಡುವೆ ಪುನರುಜ್ಜೀವನ ಕಾಲದ ಶೈಲಿಯ ಅರೆಗಂಬಗಳು, ಗಾರೆಯ ಉಬ್ಬುಗೆಲಸ.

ಪ್ಯಾಕ್ಸ್‌ಟನ್ನನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಇಡೀ ಕಟ್ಟಡವೇ ಕಬ್ಬಿಣ–ಗಾಜು ಆಗಿತ್ತು. ಮೆಂಗೋನಿ ಅಷ್ಟು ದೂರ ಹೋಗಲಿಲ್ಲ. ಕಣ್ಣಿನ ಮಟ್ಟದಲ್ಲಿ ಕಾಣುವುದೆಲ್ಲ 16ನೆಯ ಶತಮಾನವನ್ನು ನೆನಪಿಸುತ್ತದೆ. ತಲೆ ಎತ್ತಿದರೆ 19ನೆಯ ಶತಮಾನದ ರೈಲುನಿಲ್ದಾಣದ ತಂತ್ರ. ವಾಸ್ತು ಇತಿಹಾಸಕಾರರಲ್ಲಿ ಕೆಲವರು ಇದನ್ನು ಹಿಂಜರಿಕೆಯಾಗಿ ಕಂಡಿದ್ದಾರೆ. ಆದರೆ ಉದ್ದೇಶವೇ ಬೀದಿಯನ್ನು ಕಟ್ಟುವುದಾಗಿತ್ತು, ಸಭಾಂಗಣವನ್ನಲ್ಲ. ಆ ಲೆಕ್ಕದಲ್ಲಿ ಮನೆಯ ಗೋಡೆಗೆ ಮನೆಯ ಗೋಡೆಯ ರೂಪವನ್ನೇ ಕೊಟ್ಟದ್ದು ಸುಸಂಗತವಾಗಿದೆ.

ಡುವೊಮೊ ಕಡೆಯ ಪ್ರವೇಶ ರೋಮನ್ ವಿಜಯ ಕಮಾನನ್ನು ಅನುಸರಿಸಿದ್ದು. ಸ್ಕಾಲಾ ಕಡೆಯ ಪ್ರವೇಶ ಸರಳ. ಪೂರ್ವ–ಪಶ್ಚಿಮದ ಗಿಡ್ಡ ತೋಳು ಉಗೊ ಫೊಸ್ಕೊಲೊ ಮತ್ತು ಸಿಲ್ವಿಯೊ ಪೆಲ್ಲಿಕೊ ಬೀದಿಗಳಿಗೆ ತೆರೆಯುತ್ತದೆ. ಯಾವ ತುದಿಯಲ್ಲೂ ರಾತ್ರಿ ಬಾಗಿಲು ಹಾಕುವ ಪದ್ಧತಿಯಿಲ್ಲ.

ಅಲಂಕಾರ

ಗುಮ್ಮಟದ ಬುಡದಲ್ಲಿ ನಾಲ್ಕು ಅರ್ಧಚಂದ್ರಾಕಾರದ ಚಿತ್ರಗಳಿವೆ. ಇವು ಏಷ್ಯಾ, ಆಫ್ರಿಕಾ, ಯುರೋಪ್, ಅಮೆರಿಕ ಖಂಡಗಳನ್ನು ಸ್ತ್ರೀರೂಪದಲ್ಲಿ ತೋರಿಸುತ್ತವೆ. ಕ್ರಮವಾಗಿ ಬಾರ್ತೊಲೊಮೆಯೊ ಜುಲಿಯಾನೊ, ಎಲೆಉತೇರಿಯೊ ಪಲ್ಯಾನೊ, ಆಂಜೆಲೊ ಪಿಯೆತ್ರಸಾಂತಾ, ರಫಯೆಲೆ ಕಸ್ನೇದಿ ಇವುಗಳ ಚಿತ್ರಕಾರರು. ಮೊದಲಿಗೆ ಇವು ಹಸಿಗಾರೆಯ ಮೇಲಿನ ಭಿತ್ತಿಚಿತ್ರಗಳಾಗಿದ್ದು, ತೇವದಿಂದ ಹಾಳಾಗತೊಡಗಿದ್ದರಿಂದ 1911ರಲ್ಲಿ ಮೊಸಾಯಿಕ್‌ಗೆ ಬದಲಾದವು. ತೋಳುಗಳ ತುದಿಯ ಕಮಾನುಗಳ ಮೇಲೆ ವಿಜ್ಞಾನ, ಕೈಗಾರಿಕೆ, ಕಲೆ, ಕೃಷಿಗಳನ್ನು ಚಿತ್ರಿಸಲಾಗಿತ್ತು. ಇಟಲಿಯ ಪ್ರಸಿದ್ಧ ಪುರುಷರ ಗಾರೆಯ ಪ್ರತಿಮೆಗಳೂ ಆರಂಭದಲ್ಲಿ ಇದ್ದವು; ಬಾಳಿಕೆ ಬರದ ಕಾರಣ ಅವನ್ನು ತೆಗೆದುಹಾಕಲಾಯಿತು.

ನೆಲ ಅಮೃತಶಿಲೆ ಮತ್ತು ಮೊಸಾಯಿಕ್‌ನದು. ಅಂಗಳದ ಮಧ್ಯದಲ್ಲಿ ಸವಾಯ್ ರಾಜವಂಶದ ಲಾಂಛನ, ಕೆಂಪು ಹಿನ್ನೆಲೆಯ ಮೇಲೆ ಬಿಳಿ ಶಿಲುಬೆ. ಅದರ ಸುತ್ತ ನಾಲ್ಕು ನಗರಗಳ ಲಾಂಛನಗಳು: ಟ್ಯೂರಿನ್ನಿನ ಗೂಳಿ, ಫ್ಲಾರೆನ್ಸಿನ ಲಿಲಿ, ರೋಮಿನ ತೋಳ, ಮಿಲಾನಿನ ಕೆಂಪು ಶಿಲುಬೆ. ಮೊದಲ ಮೂರು ಒಂದರ ಹಿಂದೊಂದು ಇಟಲಿ ರಾಜ್ಯದ ರಾಜಧಾನಿಗಳಾಗಿದ್ದವು. ಗೂಳಿಯ ವೃಷಣದ ಮೇಲೆ ಹಿಮ್ಮಡಿಯೂರಿ ಗಿರಗಿರನೆ ಸುತ್ತಿದರೆ ಅದೃಷ್ಟ ಬರುತ್ತದೆ ಎಂಬ ನಂಬಿಕೆ ಪ್ರಚಲಿತವಾಗಿದೆ. ಪ್ರವಾಸಿಗರ ಹಿಮ್ಮಡಿಗೆ ಸಿಕ್ಕಿ ಆ ಜಾಗ ಗುಳಿ ಬೀಳುತ್ತಲೇ ಇರುತ್ತದೆ. ಮೊಸಾಯಿಕ್ಕನ್ನು ಮತ್ತೆ ಮತ್ತೆ ದುರಸ್ತಿ ಮಾಡಬೇಕಾಗಿದೆ.

ಬೆಳಕು

ಇರುಳಿನ ಬೆಳಕಿಗೆ ಮೊದಲು ಅನಿಲ ದೀಪಗಳಿದ್ದವು. ಗುಮ್ಮಟದ ಸುತ್ತಲಿನ ದೀಪಗಳು ಕೈಗೆ ಎಟುಕದಷ್ಟು ಎತ್ತರದಲ್ಲಿದ್ದುದರಿಂದ ಅವನ್ನು ಹಚ್ಚಲು ವಿಶೇಷ ಸಾಧನವೊಂದನ್ನು ರೂಪಿಸಲಾಯಿತು. ಗುಮ್ಮಟದ ಬುಡದಲ್ಲಿ ಸುತ್ತಲೂ ಹಾಕಿದ ಹಳಿಯ ಮೇಲೆ, ಉರಿಯುವ ಬತ್ತಿಯನ್ನು ಹೊತ್ತ ಪುಟ್ಟ ಎಂಜಿನ್ನೊಂದು ಓಡುತ್ತ ಒಂದೊಂದೇ ದೀಪವನ್ನು ಹೊತ್ತಿಸುತ್ತಿತ್ತು. ಮಿಲಾನಿನ ಆಡುನುಡಿಯಲ್ಲಿ ಅದಕ್ಕೆ ರತ್ತೀನ್, ಅಂದರೆ ಇಲಿಮರಿ, ಎಂಬ ಹೆಸರು ಬಿತ್ತು. ಅದರ ಓಟ ನೋಡಲೆಂದೇ ಸಂಜೆ ಜನ ಸೇರುತ್ತಿದ್ದರು. ಡುವೊಮೊದ ಸಮೀಪ ಸಾಂತಾ ರದೆಗೊಂಡಾ ವಿದ್ಯುತ್ ಕೇಂದ್ರ 1883ರಲ್ಲಿ ಆರಂಭವಾದ ಬಳಿಕ, ಆ ದಶಕದಲ್ಲೇ ವಿದ್ಯುದ್ದೀಪ ಬಂತು.

ಬಳಕೆ ಮತ್ತು ಸಾರ್ವಜನಿಕ ಜೀವನ

ತೆರೆದ ವರ್ಷವೇ ಗಲ್ಲೇರಿಯಾಕ್ಕೆ ಕಾಫಿಗೃಹಗಳು ಬಂದವು. ಬಿಫ್ಫಿ ಕೆಫೆ 1867ರದು. ಕೊಪೆರ್ತೊ ದೇಯಿ ಫಿಜೀನಿಯಲ್ಲಿ ಅಂಗಡಿ ಇಟ್ಟಿದ್ದು ಅದು ಕೆಡವಲ್ಪಟ್ಟಾಗ ಜಾಗ ಕಳೆದುಕೊಂಡ ಗಾಸ್ಪರೆ ಕಂಪಾರಿ ಅದೇ ವರ್ಷ ಇಲ್ಲಿ ಕೆಫೆ ತೆರೆದ. ಅವನ ಹೆಸರಿನ ಕಹಿ ರುಚಿಯ ಕೆಂಪು ಪಾನೀಯ ಪ್ರಸಿದ್ಧವಾದದ್ದು ಇಲ್ಲಿಂದಲೇ. ಅವನ ಮಗ ದಾವಿದೆ 1915ರಲ್ಲಿ ಎದುರು ಮೂಲೆಯಲ್ಲಿ ಕಂಪಾರೀನೊ ಬಾರ್ ಆರಂಭಿಸಿದ. ಅದರ ಒಳಾಂಗಣದ ಮರಗೆಲಸ ಎಉಜೇನಿಯೊ ಕ್ವಾರ್ತಿಯದು, ಕಬ್ಬಿಣದ ಕೆಲಸ ಅಲೆಸ್ಸಾಂದ್ರೊ ಮಜ್ಜುಕೊತೆಲ್ಲಿಯದು, ಮೊಸಾಯಿಕ್ ಆಂಜೆಲೊ ದಾಂದ್ರೆಯಾನದು. ಸವೀನಿ ರೆಸ್ಟೊರೆಂಟ್ 1884ರಿಂದ ಆ ಹೆಸರಿನಲ್ಲಿದೆ. ಮಾರಿಯೊ ಪ್ರಾದಾ ತನ್ನ ಸೋದರನೊಡನೆ 1913ರಲ್ಲಿ ಚರ್ಮದ ಸಾಮಾನಿನ ಅಂಗಡಿ ತೆರೆದದ್ದು ಗಲ್ಲೇರಿಯಾದಲ್ಲಿ. 1919ರಲ್ಲಿ ಅದಕ್ಕೆ ರಾಜಮನೆತನದ ಅಧಿಕೃತ ಸರಬರಾಜುದಾರರೆಂಬ ಮಾನ್ಯತೆ ದೊರೆಯಿತು.

ಕೊಳ್ಳುವವರಷ್ಟೇ ಅಲ್ಲದೆ ಬೇರೆ ಗುಂಪುಗಳೂ ಇಲ್ಲಿ ನೆಲೆ ಕಂಡವು. ಲಾ ಸ್ಕಾಲಾ ನಾಲ್ಕು ಹೆಜ್ಜೆಯಲ್ಲಿದ್ದುದರಿಂದ ಗಾಯಕರು, ಅವರಿಗೆ ಕೆಲಸ ಕೊಡಿಸುವ ದಲ್ಲಾಳಿಗಳು ಅಂಗಳದಲ್ಲಿ ಸೇರುತ್ತಿದ್ದರು. ಪುಸ್ತಕದಂಗಡಿಗಳೂ ಇದ್ದವು, ಬೊಕ್ಕಾ ಮತ್ತು ರಿಜ್ಜೋಲಿ ಅವುಗಳಲ್ಲಿ ಹೆಸರಾದವು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1880ರ ತನ್ನ ಪ್ರವಾಸ ಗ್ರಂಥದಲ್ಲಿ ಈ ಬೀದಿಯನ್ನು ಮನಸಾರೆ ಹೊಗಳಿದ್ದಾನೆ. ಚಿತ್ರಕಾರ ಉಂಬೆರ್ತೊ ಬೊಚ್ಚೋನಿಯ 'ಗಲ್ಲೇರಿಯಾದಲ್ಲಿ ಜಗಳ' (1910) ಇಲ್ಲಿನ ಕೆಫೆಯೊಂದರ ಎದುರು ವಿದ್ಯುದ್ದೀಪದಡಿ ನುಗ್ಗುವ ಗುಂಪಿನ ಚಿತ್ರ. ಅದು ಈಗ ಮಿಲಾನಿನ ಬ್ರೇರಾ ಚಿತ್ರಶಾಲೆಯಲ್ಲಿದೆ. 1914ರ ಸೆಪ್ಟೆಂಬರ್‌ನಲ್ಲಿ, ಇಟಲಿ ಮೊದಲ ಮಹಾಯುದ್ಧಕ್ಕೆ ಇಳಿಯಬೇಕೆಂದು ಒತ್ತಾಯಿಸಿ ಫ್ಯೂಚರಿಸ್ಟ್ ಕಲಾಚಳವಳಿಯ ಕವಿ ಮರಿನೆತ್ತಿ ಮತ್ತು ಅವನ ಗೆಳೆಯರು ಆಸ್ಟ್ರಿಯಾದ ಧ್ವಜಗಳನ್ನು ಸುಟ್ಟದ್ದು ಇಲ್ಲಿ ಮತ್ತು ಪಕ್ಕದ ಚೌಕದಲ್ಲಿ. ಖಾಸಗಿ ಆರ್ಕೇಡಿನಲ್ಲಿ ಕಾವಲುಗಾರರು ತಡೆಯಬಹುದಾಗಿದ್ದ ಇಂಥ ಪ್ರದರ್ಶನಗಳು ಗಲ್ಲೇರಿಯಾದಲ್ಲಿ ನಡೆಯುವುದು ಸಾಧ್ಯವಾಗಿತ್ತು.

ಯುದ್ಧದ ಹಾನಿ

1943ರ ಆಗಸ್ಟ್‌ನಲ್ಲಿ ಬ್ರಿಟಿಷ್ ವಿಮಾನಗಳು ಮಿಲಾನಿನ ಮೇಲೆ ನಡೆಸಿದ ಬಾಂಬುದಾಳಿಗಳಲ್ಲಿ ಗಾಜೆಲ್ಲ ಒಡೆದು, ಕಬ್ಬಿಣದ ಚಾವಣಿಯ ಒಂದು ಭಾಗ ಹಾಳಾಯಿತು, ಅಲಂಕಾರಗಳೂ ನೆಲವೂ ಜಖಂಗೊಂಡವು. ಅದೇ ದಾಳಿಗಳಲ್ಲಿ ಲಾ ಸ್ಕಾಲಾಕ್ಕೂ ಭಾರಿ ಹಾನಿಯಾಯಿತು. ಚಾವಣಿಯ ಮರುನಿರ್ಮಾಣ 1950ರ ದಶಕದವರೆಗೂ ಸಾಗಿತು; ನೆಲದ ಪುನರ್ರಚನೆ 1960ರ ದಶಕದಲ್ಲಿ ನಡೆಯಿತು. ಇಂದು ಕಾಣುವ ಚಾವಣಿಯ ಗಾಜು ಹಾಗೂ ನೆಲ ಹೀಗೆ ಬಹುಮಟ್ಟಿಗೆ ಯುದ್ಧಾನಂತರದ ಕೆಲಸ.

ಇದೇ ಬಗೆಯ ಇತರ ಕಟ್ಟಡಗಳು

ಗಲ್ಲೇರಿಯಾದ ಬಳಿಕ ಆರ್ಕೇಡ್ ಎಂದರೆ ನಗರದ ಪ್ರತಿಷ್ಠೆಯ ಕಟ್ಟಡ ಎಂಬ ಕಲ್ಪನೆ ಬೇರೂರಿತು. ಬರ್ಲಿನ್ನಿನ ಕೈಸರ್ ಗ್ಯಾಲರಿ (1873) ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು. ಟ್ಯೂರಿನ್ನಿನ ಗಲ್ಲೇರಿಯಾ ಸುಬಲ್ಪೀನಾ (1874) ಚಿಕ್ಕದು, ಆದರೆ ಸುಸ್ಥಿತಿಯಲ್ಲಿದೆ. ಅತ್ಯಂತ ನಿಕಟ ಅನುಕರಣೆ ನೇಪಲ್ಸ್‌ನ ಗಲ್ಲೇರಿಯಾ ಉಂಬೆರ್ತೊ. 1884ರ ಕಾಲರಾದ ನಂತರ ಕಿಕ್ಕಿರಿದ ಕೇರಿಗಳನ್ನು ತೆರವು ಮಾಡಿದ ಜಾಗದಲ್ಲಿ, ಎಮಾನ್ಯುವೆಲೆ ರೊಕ್ಕೊನ ವಿನ್ಯಾಸದಂತೆ 1887ರಿಂದ ಅದು ಎದ್ದಿತು. ಅಲ್ಲೂ ಶಿಲುಬೆಯ ವಿನ್ಯಾಸ, ನಡುವೆ ಗಾಜಿನ ಗುಮ್ಮಟ. ಗುಮ್ಮಟ ಮಿಲಾನಿನದಕ್ಕಿಂತ ಎತ್ತರ. ಆದರೂ ವ್ಯಾಪಾರದ ಕೇಂದ್ರವಾಗಿ ಅದು ಮಿಲಾನಿನಷ್ಟು ಏಳಿಗೆ ಕಾಣಲಿಲ್ಲ.

ಮಾಸ್ಕೋದ ಕೆಂಪು ಚೌಕದಲ್ಲಿ ಅಲೆಕ್ಸಾಂಡರ್ ಪೊಮೆರಾಂತ್ಸೆವ್ ಕಟ್ಟಿದ, ಈಗ ಗುಮ್ ಎಂದು ಹೆಸರಾದ ವ್ಯಾಪಾರ ಸಾಲುಗಳು (1890–93) ಮೂರು ಸಮಾನಾಂತರ ಹಾದಿಗಳ ರಚನೆ. ಗಾಜಿನ ಚಾವಣಿ ಎಂಜಿನಿಯರ್ ವ್ಲಾದಿಮಿರ್ ಶೂಕೊವ್‌ನದು. ಅಮೆರಿಕದ ಕ್ಲೀವ್‌ಲ್ಯಾಂಡ್ (1890), ಆಸ್ಟ್ರೇಲಿಯದ ಮೆಲ್ಬರ್ನ್ ಮತ್ತು ಸಿಡ್ನಿಗಳಲ್ಲೂ 19ನೆಯ ಶತಮಾನದ ಆರ್ಕೇಡುಗಳು ಉಳಿದಿವೆ. 1970ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ತೆರೆದ ಗ್ಯಾಲೇರಿಯಾ ಎಂಬ ಮಾಲ್ ಮಿಲಾನಿನಿಂದ ಸ್ಫೂರ್ತಿ ಪಡೆದದ್ದು. ಆದರೆ ಹವಾನಿಯಂತ್ರಿತ ಮಾಲ್ ಊರಿನ ಬೀದಿಗಳಿಗೆ ಬೆನ್ನು ಹಾಕಿ, ಕಾರು ನಿಲ್ದಾಣದ ನಡುವೆ ಕೂತಿರುತ್ತದೆ. ಎರಡು ಚೌಕಗಳನ್ನು ಬೆಸೆಯುವ ಕೆಲಸ ಅದಕ್ಕಿಲ್ಲ. ಹೆಸರು, ಗಾಜಿನ ಚಾವಣಿಗಳ ಹೊರತು ಎರಡರ ನಡುವಿನ ನಂಟು ತೆಳ್ಳಗಿನದು.

ಇಂದಿನ ಸ್ಥಿತಿ

ಅಂಗಡಿಜಾಗಗಳನ್ನು ನಗರಸಭೆ ಹರಾಜಿನ ಮೂಲಕ ಬಾಡಿಗೆಗೆ ಕೊಡುತ್ತದೆ. ಕಪ್ಪು ಹಲಗೆಯ ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲೇ ಅಂಗಡಿಯ ಹೆಸರಿರಬೇಕೆಂಬ ನಿಯಮ ಎಲ್ಲರಿಗೂ ಒಂದೇ. ಅಂಗಳದಲ್ಲಿ ಎರಡು ದಶಕ ಇದ್ದ ಮ್ಯಾಕ್‌ಡೊನಾಲ್ಡ್ಸ್ ಕೂಡ ಅದನ್ನು ಪಾಲಿಸಿತ್ತು. 2012ರ ಅಕ್ಟೋಬರ್‌ನಲ್ಲಿ ಗುತ್ತಿಗೆಯ ಅವಧಿ ಮುಗಿದು ಅದು ತೆರವಾದಾಗ ಆ ಜಾಗ ಪ್ರಾದಾ ಪಾಲಾಯಿತು. ಇತ್ತೀಚಿನ ದಶಕಗಳಲ್ಲಿ ದುಬಾರಿ ಉಡುಪು ಮತ್ತು ಚರ್ಮದ ಸಾಮಾನಿನ ಜಾಗತಿಕ ಕಂಪನಿಗಳೇ ಇಲ್ಲಿ ಹೆಚ್ಚಾಗಿವೆ. ಇದರಿಂದ ನಗರಸಭೆಯ ಆದಾಯ ಏರಿದೆ. ಊರಿನವರು ದಿನನಿತ್ಯಕ್ಕೆ ಬಳಸುತ್ತಿದ್ದ ಅಂಗಡಿಗಳು ಅಷ್ಟೇ ಕಡಿಮೆಯಾಗಿವೆ.

2015ರಲ್ಲಿ ಮಿಲಾನಿನಲ್ಲಿ ನಡೆದ ವಿಶ್ವ ಪ್ರದರ್ಶನಕ್ಕೆ ಮುನ್ನ ಗೋಡೆಗಳನ್ನು ತೊಳೆದು ದುರಸ್ತಿ ಮಾಡಲಾಯಿತು. ಪ್ರಾದಾ, ವೆರ್ಸಾಚೆ ಮತ್ತು ಪುಸ್ತಕೋದ್ಯಮದ ಫೆಲ್ತ್ರಿನೆಲ್ಲಿ ಇದರ ಖರ್ಚಿಗೆ ನೆರವಾದವು. ಅಂಗಡಿಗಳು ಮುಚ್ಚದಂತೆ, ಮುಂದಕ್ಕೆ ಸರಿಸಬಲ್ಲ ಸಾರುವೆಯೊಂದನ್ನು ಬಳಸಿ ಭಾಗಭಾಗವಾಗಿ ಕೆಲಸ ಮಾಡಲಾಯಿತು. ಮೇಲ್ಮಹಡಿಗಳಲ್ಲಿ ಈಗ ಹೋಟೆಲು, ಕಚೇರಿಗಳ ಜೊತೆಗೆ ಪ್ರಾದಾ ಪ್ರತಿಷ್ಠಾನದ ಒಸ್ಸೆರ್ವಾತೋರಿಯೊ ಎಂಬ ಛಾಯಾಚಿತ್ರ ಪ್ರದರ್ಶನಾಲಯವಿದೆ (2016). ಅದರ ಕಿಟಕಿಗಳಿಂದ ಗುಮ್ಮಟದ ಕಬ್ಬಿಣದ ಜೋಡಣೆಯನ್ನು ಹತ್ತಿರದಿಂದ ನೋಡಬಹುದು. 2023ರ ಆಗಸ್ಟ್‌ನಲ್ಲಿ ಕಿಡಿಗೇಡಿಗಳು ಇರುಳಲ್ಲಿ ಮೇಲೇರಿ ಡುವೊಮೊ ಕಡೆಯ ಕಮಾನಿನ ನೆತ್ತಿಗೆ ಬಣ್ಣ ಎರಚಿ ಬರೆದರು. ಬಳಿಕ ಅದನ್ನು ಅಳಿಸಿ ಸ್ವಚ್ಛಗೊಳಿಸಲಾಯಿತು.